ಮೇಜಿನ ಆಚೆ ಮಗ್ಗುಲು

ಗಂಡ ಸತ್ತ ಮೇಲೂ ಕ್ಯಾಂಪ್‌ಬೆಲ್ ಊರಿನ ಮಗಳ ಮನೆಯ ಗ್ಯಾರೇಜಿನೊಳಗೆ ಕಾಲಿಟ್ಟರೆ ಗುರುಬಸವ್ವನ ಮೂಗಿಗೆ ಹಸಿ ಶಾಯಿಯ ವಾಸನೆ ಬಡಿಯುತ್ತಿತ್ತು. ಡಬ್ಬಿಗಳ ಮುಚ್ಚಳಗಳು ಮಾತ್ರ ಬಿಗಿಯಾಗೇ ಇದ್ದವು.

ಗದಗಿನ ಅಚ್ಚುಕೂಟದಲ್ಲಿ ದುಡಿಯುವಾಗಲೇ ಗಂಡ ಶಿವರುದ್ರಪ್ಪನಿಗೆ ನೂರು ವರ್ಷದ ಹಿಂದಿನ ರಷ್ಯಾದ ಪೋಸ್ಟರುಗಳ ಹುಚ್ಚು ಹತ್ತಿತ್ತು. ಹೂವಿಲ್ಲ, ಬಳ್ಳಿಯಿಲ್ಲ. ಕೆಂಪು, ಕಪ್ಪು, ಅಷ್ಟೇ. ದುಂಡನೆಯ ಬಿಲ್ಲೆ, ಅದರ ಹೊಟ್ಟೆಗೆ ನುಗ್ಗುವ ಮುಕ್ಕೋನ, ಬಿರುಗಾಳಿಗೆ ಎದೆಯೊಡ್ಡಿದಂತೆ ಓರೆಯಾಗಿ ನಿಂತ ಅಕ್ಷರ. ಪೋಸ್ಟರು ದಾರಿಹೋಕನ ಕೊರಳಪಟ್ಟಿ ಹಿಡಿದು ನಿಲ್ಲಿಸಬೇಕು ಎನ್ನುತ್ತಿದ್ದ. ಮಗಳ ಹಿಂದೆ ಈ ದೇಶಕ್ಕೆ ಬಂದ ಮೇಲೂ ಅದೇ ಚಾಳಿ. ಕೆಂಪು ಅವನದು, ಕಪ್ಪು ಗುರುಬಸವ್ವನದು. ಕೆಂಪು ಅಚ್ಚು ಹಾಕಿ ಅವನು ಸುಮ್ಮನಾಗುವನು. ಕಪ್ಪು ಎಲ್ಲಿ ಬರಬೇಕೆಂದು ತುಟಿ ಬಿಚ್ಚುವವನಲ್ಲ. ಎದುರು ಮಗ್ಗುಲಲ್ಲಿ ನಿಂತು ಅವಳೇ ಕಂಡುಕೊಂಡು ಅಚ್ಚು ಕೊರೆಯಬೇಕು. ಚೌಕಟ್ಟಿಗೆ ಬಿಗಿದ ಪರದೆಯ ಮೇಲೆ ಅವಳು ಶಾಯಿ ಎಳೆಯುವಾಗ ಹಾಳೆ ಅದಕ್ಕಂಟಿ ಮೇಲೇಳದಂತೆ ಆಚೆ ತುದಿಯನ್ನು ಒತ್ತಿ ಹಿಡಿಯುವನು.

ಓಕ್ಲ್ಯಾಂಡ್ ಬಂದರಿನ ಕೂಲಿಕಾರರ ಸಭೆಗೆಂದು ಅವನು ಕೆಂಪು ಹಾಕಿದ್ದ ಹಾಳೆಗಳು ಮೇಜಿನ ಮೇಲೆ ಹಾಗೇ ಇದ್ದವು. ಶನಿವಾರದೊಳಗೆ ಕೈಗೆ ಮುಟ್ಟದಿದ್ದರೆ ಬೇರೆ ಕಡೆ ಮಾಡಿಸುತ್ತೇವೆಂದು ಸಂಘದವರು ಫೋನು ಮಾಡಿದ್ದರು. ಆಮೇಲೆ ಅವನ ಕೊನೆಯ ಕೈಗೆಲಸ ರದ್ದಿಯೇ.

ಕಪ್ಪಿನ ಜಾಗ ಮಾತ್ರ ಸಿಗಲೊಲ್ಲದು. ಅವನು ಇಟ್ಟ ಹಾಳೆಗಳ ಕಟ್ಟನ್ನು ಅತ್ತಿತ್ತ ಸರಿಸಲು ಮನಸ್ಸಿಲ್ಲ. ದಿನಾ ಬಂದು ನಿಲ್ಲುವಳು. ಕೆಂಪು ಮುಕ್ಕೋನದ ಮೊನೆ ನೆಟ್ಟಗೆ ಅವಳ ಎದೆಗೇ ಗುರಿಯಿಟ್ಟಿತ್ತು.

ಮಗಳು ವಾಣಿಶ್ರೀ ಆಫೀಸಿಗೆ ಹೊರಟವಳು ಬಾಗಿಲಲ್ಲಿ ನಿಂತಳು. “ಯವ್ವಾ, ಫೋಟೋ ತಗದು ಕಂಪ್ಯೂಟರಿಗೆ ಹಾಕ್ತೀನಿ. ಕಪ್ಪು ಎಲ್ಲಿ ಅಂತ ಅದು ಹೇಳ್ತದ ಬಿಡು.”

“ನಿಮ್ಮಪ್ಪ ಜಾಗ ಬಿಟ್ಟದ್ದು ನನಗ. ಕಂಪ್ಯೂಟರಿಗಲ್ಲ.”

ವಾಣಿಶ್ರೀ ತಾಯಿಯನ್ನೇ ನೋಡಿದಳು. “ಮತ್ತ ನೀ ಅಪ್ಪನ ಜಾಗದಾಗ ಯಾಕ ನಿಂತಿ?”

ಆ ಮಗ್ಗುಲು ಖಾಲಿ ಕಾಣಬಾರದೆಂದು ಅವನು ಹೋದಂದಿನಿಂದ ಅವಳು ಅಲ್ಲೇ ನಿಲ್ಲುತ್ತಿದ್ದಳು. ಮಗಳ ಕಾರು ಹೊರಟ ಸದ್ದಾದ ಮೇಲೆ ಮೇಜು ಸುತ್ತಿ ತನ್ನ ಹಳೆಯ ಮಗ್ಗುಲಿಗೆ ಬಂದಳು.

ಮುಕ್ಕೋನ ಮೇಲಕ್ಕೆ ಚಿಮ್ಮಿತು. ಅದರ ನೆತ್ತಿಯ ಮೇಲೆ ಬಿಲ್ಲೆಯೊಂದು ಹಿಡಿಸುವಷ್ಟು ಬಿಳಿ, ಕೆಳಗೆ ಅಕ್ಷರಕ್ಕೆಂದು ಓರೆ ಪಟ್ಟಿ. ಇಷ್ಟು ವರ್ಷವೂ ಆ ಮಾರಾಯ ತಾನು ತಲೆಕೆಳಗಾಗಿ ನೋಡುತ್ತ, ಅವಳಿಗೆ ನೆಟ್ಟಗೆ ಕಾಣುವಂತೆ ಅಚ್ಚು ಹಾಕಿದ್ದ.

ಸಂಜೆಯೊಳಗೆ ಅಚ್ಚು ಕೊರೆದಳು. ಚೌಕಟ್ಟು ಇಳಿಸಿ, ಕಪ್ಪು ಸುರಿದು, ಉಸಿರು ಬಿಗಿಹಿಡಿದು ಎಳೆದಳು. ಹಿಡಿಯುವವರಿಲ್ಲದ ಹಾಳೆ ಶಾಯಿಗೆ ಅಂಟಿ ಮೇಲೇಳಬೇಕಿತ್ತು. ಏಳಲಿಲ್ಲ. ಎರಡನೆಯದೂ ಏಳಲಿಲ್ಲ.

ಗುರುಬಸವ್ವ ತಲೆಯೆತ್ತದೆ ಎಳೆಯುತ್ತಲೇ ಹೋದಳು. ನೋಡಿದರೆ ಆಚೆ ತುದಿ ಹಿಡಿದವನು ಎಲ್ಲಿ ಕೈ ಬಿಟ್ಟಾನೋ ಎಂದು.