ಕಾರ್ತಿಕದ ಹರಕೆ, ಕಟ್ಟಿದ ಗಂಟಲು

ಗಂಗಮ್ಮ ತಾಯಿಯನ್ನು ನಂಬಿದ ಎಲ್ಲರಿಗೂ ಬೇತಮಂಗಲದ ಪಕ್ಕದ ಹಳ್ಳಿಯಿಂದ ನಾಗವೇಣಿ ಬರೆಯುತ್ತಿದ್ದೇನೆ. ಹೋದ ವರ್ಷ ದಸರಾ ಕಳೆದ ಮೇಲೆ ನನ್ನ ಗಂಟಲು ಕಟ್ಟಿತು. ಎಲ್ಲರಿಗೂ ಕಟ್ಟುತ್ತದೆ, ನಾಲ್ಕು ದಿನಕ್ಕೆ ಬಿಡುತ್ತದೆ. ನನ್ನದು ದೀಪಾವಳಿ ಹತ್ತಿರ ಬಂದರೂ ಬಿಡಲಿಲ್ಲ. ಕಾಳುಮೆಣಸು, ಶುಂಠಿ, ಜ್ಯೇಷ್ಠಮಧು, ಯಾರು ಏನು ಹೇಳಿದರೂ ಅಗಿದೆ. ದನಿ ಮಾತ್ರ ಹರಿದ ಜರಡಿಯಲ್ಲಿ ಕಲ್ಲು ಆಡಿಸಿದ ಹಾಗೇ ಇತ್ತು.

ನನ್ನ ಬಾಯಿ ನಮ್ಮ ಬೀದಿಗೆಲ್ಲ ಗೊತ್ತು. ಕೊಟ್ಟಿಗೆಯಲ್ಲಿ ನಿಂತು ಕೂಗಿದರೆ ಕೆರೆ ಕಟ್ಟೆಯ ಮೇಲೆ ಹೋಗುವವರು ತಿರುಗಿ ನೋಡುತ್ತಿದ್ದರು. ಶುಕ್ರವಾರದ ಭಜನೆಯಲ್ಲಿ ನಾನು ಮುಂದೆ ಹೇಳಬೇಕು, ಉಳಿದವರು ಹಿಂದೆ ಹೇಳಬೇಕು. ಆ ಜಂಬವೂ ನನಗಿತ್ತು, ಮುಚ್ಚಿಡುವುದೇನು.

ಮಳೆಗಾಲದಲ್ಲಿ ನಮ್ಮತ್ತೆ ಮುನಿಯಮ್ಮನವರಿಗೆ ವಿಪರೀತ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಮ್ಮ ಯಜಮಾನರ ಎದುರಿಗೇ ನಾನೊಂದು ಹರಕೆ ಹೊತ್ತಿದ್ದೆ. ‘ತಾಯಿ, ಇವರನ್ನು ಎಬ್ಬಿಸಿ ಕೂರಿಸು, ಕಾರ್ತಿಕ ಮಾಸ ಪೂರ್ತಿ ದಿನಾ ಸಂಜೆ ನಿನ್ನ ಗುಡಿಯಲ್ಲಿ ದೀಪ ಹಚ್ಚಿ ಹಾಡುತ್ತೇನೆ.’ ಅತ್ತೆ ಎದ್ದರು. ಆದರೆ ಕಿವಿ ಮಂದವಾಯಿತು. ಅಂದಿನಿಂದ ಮನೆಯಲ್ಲಿ ನನ್ನ ಕೂಗು ಒಂದೇ ಅವರಿಗೆ ಕೇಳಿಸುವುದು. ಮುದ್ದೆಗೆ ಕರೆಯಬೇಕಾದರೂ ಕೂಗಬೇಕು, ಮಾತ್ರೆ ಕೊಡಬೇಕಾದರೂ ಕೂಗಬೇಕು. ಗಂಟಲು ಹೋಗಿದ್ದು ಹೀಗೆ ಅಂತ ಆಗ ನನಗೆ ಹೊಳೆಯಲೇ ಇಲ್ಲ.

ನಮ್ಮ ಯಜಮಾನರು ನಾರಾಯಣಸ್ವಾಮಿ, ಬೆಳಗಿನ ರೈಲಿಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವವರು. ಮೊದಲೇ ಮಾತು ಕಡಿಮೆ. ಕೆಜಿಎಫ್‌ನ ಕೋರಮಂಡಲ್ ಚಿನ್ನದ ಗಣಿಯಲ್ಲಿದ್ದ ಅವರ ಚಿಕ್ಕಪ್ಪನಿಗೆ ಹೀಗೇ ದನಿ ಕೆಟ್ಟು ಶುರುವಾಗಿ, ಕೊನೆಗೆ ಗಂಟಲ ಕ್ಯಾನ್ಸರ್ ಅಂದಿದ್ದರಂತೆ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಊಟಕ್ಕೆ ಕೂತಾಗ ನನ್ನ ಕತ್ತನ್ನೇ ನೋಡುತ್ತಿದ್ದರು.

ಒಂದು ದಿನ ರಜಾ ಹಾಕಿ ಬಂಗಾರಪೇಟೆಗೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಅವರು ಹಿಂದೆ ನಿಂತಿದ್ದರು. ಕಂಡಕ್ಟರ್ ಬಂದಾಗ ನಾನು ಆಧಾರ್ ಕಾರ್ಡ್ ತೋರಿಸಿ, ಊರಿನ ಹೆಸರು ಪಿಸುಗುಟ್ಟಿದೆ. ಅವನೂ ಬಗ್ಗಿ ‘ಯಾವೂರಮ್ಮಾ?’ ಅಂತ ಪಿಸುಗುಟ್ಟಿದ. ನಗುವಂಥ ವಿಷಯ, ಅವತ್ತು ನನಗೆ ಅಳು ಬಂತು. ಕೆಜಿಎಫ್ ದಾಟುವಾಗ ಗಣಿ ಮಣ್ಣಿನ ದಿಬ್ಬಗಳ ಕಡೆಯಿಂದ ಧೂಳು ಬೀಸಿತು. ಸೆರಗು ಮೂಗಿಗೆ ಹಿಡಿದುಕೊಂಡು, ಈ ಮಣ್ಣಿನ ಕೆಳಗೆ ಸಿಕ್ಕಿಕೊಂಡವರು ಕೂಗಿದರೂ ಯಾರಿಗೂ ಕೇಳಿರಲಾರದು ಅಂದುಕೊಂಡೆ.

ಡಾಕ್ಟರಮ್ಮ ಮೂಗಿನೊಳಗೆ ಸಣ್ಣ ಕ್ಯಾಮೆರಾ ಪೈಪು ಇಳಿಸಿ ನೋಡಿದರು.

‘ಕ್ಯಾನ್ಸರ್ ಅಲ್ಲ, ಹೆದರಬೇಡಿ. ಕುಡುಗೋಲು ಹಿಡಿದೂ ಹಿಡಿದೂ ಅಂಗೈ ಜಡ್ಡುಗಟ್ಟುತ್ತಲ್ಲ, ಹಾಗೆ ದನಿಯ ತಂತಿ ಮೇಲೆ ಎರಡು ಗಂಟು ಎದ್ದಿವೆ. ಆದರೆ ಮೂರು ವಾರ ದಾಟಿದ ಮೇಲೂ ಮೆಣಸು ಅಗೀತಾ ಕೂರಬಾರದಿತ್ತು. ಈಗ ಕೂಗೋ ಹಾಗಿಲ್ಲ, ಹಾಡೋ ಹಾಗಿಲ್ಲ, ಕ್ಯಾಕರಿಸೋ ಹಾಗಿಲ್ಲ. ಗುಟುಕು ಗುಟುಕಾಗಿ ನೀರು ಕುಡೀತಿರಿ, ರಾತ್ರಿ ಊಟ ಬೇಗ ಮುಗಿಸಿ.’

ಇನ್ನೂ ಏನೇನೋ ಹೇಳಿದರು. ‘ಹಾಡೋ ಹಾಗಿಲ್ಲ’ ಅಂದ ಮೇಲೆ ನನ್ನ ಕಿವಿಗೆ ಬೇರೇನೂ ಬೀಳಲಿಲ್ಲ. ಕಾರ್ತಿಕ ಬಂದೇಬಿಟ್ಟಿತ್ತು. ಹರಕೆ ತಪ್ಪಿದರೆ ಅತ್ತೆಯ ಪ್ರಾಣಕ್ಕೆ ಏನಾಗುವುದೋ ಅಂತ ಭಯ. ತಪ್ಪದಿದ್ದರೆ ನನ್ನ ಗಂಟಲು ಹೋಗುತ್ತದೆ. ಯಾರ ಹತ್ತಿರ ಹೇಳಿಕೊಳ್ಳಲಿ? ಯಾರಿಗಾಗಿ ಹರಕೆ ಹೊತ್ತೆವೋ ಅವರಿಗೆ ಅದು ತೀರುವವರೆಗೂ ಹೇಳದಿರುವುದು ನಮ್ಮ ಮನೆಯ ರೂಢಿ.

ನಾನೇ ಒಂದು ಉಪಾಯ ಹೂಡಿದೆ. ಗುಡಿಯಲ್ಲಿ ಪಿಸುಮಾತಿನಲ್ಲೇ ಹಾಡಿದರೆ ಡಾಕ್ಟರ ಮಾತೂ ಉಳಿಯಿತು, ದೇವಿಗೆ ಕೊಟ್ಟ ಮಾತೂ ಉಳಿಯಿತು. ದಿನಾ ಸಂಜೆ ದೀಪ ಹಚ್ಚಿ, ಎಲ್ಲ ಹಾಡನ್ನೂ ಉಸಿರಲ್ಲೇ ಹೇಳಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ವಾರ ಕಳೆಯುವಷ್ಟರಲ್ಲಿ ಉಗುಳು ನುಂಗಿದರೂ ನೋವು.

ಮತ್ತೆ ಬಂಗಾರಪೇಟೆಗೆ ಓಡಿದೆವು. ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ‘ಪಿಸುಗುಟ್ಟಬೇಡಿ ಅಂತಲೂ ಹೇಳಿದ್ದೆನಲ್ಲಮ್ಮಾ. ಅದರಿಂದ ಗಂಟಲು ಇನ್ನೂ ಬಿಗಿಯುತ್ತೆ. ಸ್ವಲ್ಪ ದಿನ ಬಾಯಿ ಪೂರ್ತಿ ಮುಚ್ಚಿಬಿಡಿ.’

ಮುಚ್ಚಿದೆ. ಗುಡಿಯಲ್ಲೂ ಬರೀ ದೀಪ ಹಚ್ಚಿ ಬಂದೆ. ಆಗ ಮನೆಯೊಳಗೆ ಶುರುವಾಯಿತು. ಅತ್ತೆಗೆ ಕೇಳುತ್ತಿದ್ದ ಒಂದೇ ದನಿಯೂ ನಿಂತುಹೋಯಿತು. ಗಂಟಲು ಮುಟ್ಟಿ ಸನ್ನೆ ಮಾಡಿದೆ. ಅವರು ಮುಖ ತಿರುಗಿಸಿದರು. ಭಾನುವಾರ ಮಗನನ್ನು ಕರೆದು ಹೇಳಿದರು:

‘ನಿನ್ನೆಂಡ್ತಿ ನನ್ನತ್ರ ಮಾತು ಬಿಟ್ಟವ್ಳೆ ಕಣ್ಲಾ. ನಾನಂದ್ರೆ ಗಂಟ್ಲುಗಂಟ ಸಾಕಾಗೈತೆ ಅಂತ ಕೈಯಲ್ಲಿ ತೋರಿಸ್ತಾವ್ಳೆ. ಸಂಜೆ ಗಂಗಮ್ಮಂಗೆ ಕೈ ಮುಗ್ದು ಮಗಳ ಊರ್ಗೆ ಒಲ್ಟೋಗ್ತೀನಿ.’

ಸೀರೆ ಗಂಟು ಕಟ್ಟಿಯೂ ಆಗಿತ್ತು. ಅಲ್ಲ ಅತ್ತೆ, ಅಲ್ಲ ಅಂತ ಕಿರುಚಬೇಕು ಅನ್ನಿಸಿತು, ಬಾಯಿಗೆ ಬೀಗ.

ಸಂಜೆ ಮೂವರೂ ಗುಡಿಗೆ ಹೋದೆವು. ಬೀದಿಯ ಹೆಂಗಸರು ಇವತ್ತಾದರೂ ನಾನು ಹಾಡುತ್ತೇನೆ ಅಂತ ಕಾದು ಕೂತಿದ್ದರು. ದೀಪ ಹಚ್ಚಿ ತಾಯಿಯ ಮುಖ ನೋಡಿದೆ. ‘ನೀನೇ ಏನಾದರೂ ಮಾಡು, ನನ್ನ ಕೈಯಲ್ಲಿ ಇನ್ನಾಗದು’ ಅಂತ ಮನಸ್ಸಿನಲ್ಲೇ ಅಂದು ಕುಸಿದು ಕೂತೆ. ಆಗ ಹಿಂದಿನಿಂದ ಒಂದು ಕೂಗು ಎದ್ದಿತು. ಎಲ್ಲರೂ ಬೆಚ್ಚಿದರು. ಮದುವೆಯಾದಾಗಿನಿಂದ ಒಂದು ಸಲವೂ ದನಿ ಏರಿಸದ ನಮ್ಮ ಯಜಮಾನರು ಅತ್ತೆಯ ಕಿವಿಗೆ ಬಾಯಿ ಇಟ್ಟು ಅರಚುತ್ತಿದ್ದರು.

‘ಅವ್ಳು ಮಾತು ಬಿಟ್ಟಿಲ್ಲಮ್ಮಾ. ಗಂಟ್ಲು ಓಗೈತೆ. ನಿನ್ನತ್ರ ಕೂಗಿ ಕೂಗಿ ಓಗೈತೆ. ನೀನು ಬದುಕ್ಲಿ ಅಂತ ಅರಕೆ ಒತ್ಕಂಡು ದಿನಾ ಇಲ್ಲಿ ಒದ್ದಾಡ್ತಾವ್ಳೆ.’

ಅತ್ತೆ ನನ್ನ ಕಡೆ ತಿರುಗಿದರು. ‘ನನ್ನ ಜೀವಕ್ಕೆ ಒತ್ಕಂಡ ಅರಕೆ, ನಂಗೇ ಏಳ್ನಿಲ್ವಾ ನೀನು?’ ಅಂದು ನನ್ನ ಪಕ್ಕ ಕೂತು, ಒರಟು ಕೈಯನ್ನು ನನ್ನ ಬಾಯಿಗೆ ಅಡ್ಡ ಇಟ್ಟರು. ‘ನೀನು ಸುಮ್ಕೆ ಕುಂತ್ಕಳಮ್ಮಿ. ಬದುಕ್ದೋಳು ನಾನು, ನಾನೇ ಪದ ಏಳ್ತೀನಿ.’

ಹೇಳಿದರು ಕೂಡ. ತಮ್ಮ ದನಿ ತಮಗೇ ಕೇಳದವರ ಹಾಡು ಹೇಗಿರಬೇಡ. ರಾಗ ಒಂದು ದಾರಿ ಹಿಡಿದರೆ ತಾಳ ಇನ್ನೊಂದು ದಾರಿ. ಹೆಂಗಸರು ಮೊದಲು ಸೆರಗು ಬಾಯಿಗೆ ಹಿಡಿದರು, ಆಮೇಲೆ ಕಣ್ಣಿಗೆ ಹಿಡಿದರು, ಆಮೇಲೆ ಹಿಂದೆ ಹೇಳಿದರು. ಕಾರ್ತಿಕ ಮುಗಿಯುವವರೆಗೂ ಅತ್ತೆ ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ಸೀರೆ ಗಂಟು ಅವತ್ತೇ ಬಿಚ್ಚಿದ್ದರು.

ನಾನು ಬಾಯಿ ಮುಚ್ಚಿ, ನೀರು ಕುಡಿದು, ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಹಾಗೆ ಮೆಲ್ಲಗೆ ಮಾತು ಕಲಿತೆ. ಸಂಕ್ರಾಂತಿ ಹೊತ್ತಿಗೆ ದನಿ ಬಂತು. ಅತ್ತೆಗೂ ಕಿವಿಗೆ ಮಿಷನ್ ಹಾಕಿಸಿದೆವು, ಈಗ ನಾನು ಕೂಗಬೇಕಾಗಿಲ್ಲ. ದೇವಿಯಿದ್ದಾಳೆ ಅಂತ ಆಸ್ಪತ್ರೆಗೆ ಹೋಗುವುದು ತಡ ಮಾಡಬೇಡಿ, ಬಂಗಾರಪೇಟೆಯ ದಾರಿ ತೋರಿಸಿದವಳೂ ಅವಳೇ.

ನಾನು ತಾಯಿಯ ಹತ್ತಿರ ಬೇಡಿದ್ದು ನನ್ನ ದನಿ. ಅವಳು ಮೊದಲು ನಮ್ಮತ್ತೆಯ ದನಿ ಕೇಳಿಸಿದಳು. ಈ ಕಾರ್ತಿಕದಲ್ಲಿ ಗುಡಿಗೆ ಬಂದರೆ ನೋಡಿ, ಮುಂದೆ ಹೇಳುವವರು ಮುನಿಯಮ್ಮನವರು. ನಾನು ಹಿಂದೆ ಹೇಳುತ್ತೇನೆ.