ತೆಂಕಣಕ್ಕೆ ಮುಖ ಮಾಡಿದ ಒಲೆ

ನಿನ್ನೆ ಬೆಳಿಗ್ಗೆ ನನ್ನ ಹೆಂಡತಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಬೆಲ್ಲದ ಡಬ್ಬಿಯನ್ನು ನನ್ನ ಟೀ-ಸ್ಕ್ವೇರಿನಿಂದ ಎಳೆದು ಇಳಿಸಿದಳು. ಟೀ-ಸ್ಕ್ವೇರ್ ಎಂದರೆ ಗೊತ್ತಲ್ಲ? ನಕ್ಷೆ ಬರೆಯುವವರು ನೇರ ಗೆರೆ ಎಳೆಯಲು ಇಟ್ಟುಕೊಳ್ಳುವ ಉದ್ದನೆಯ ಮರದ ಪಟ್ಟಿ, ತಲೆಗೊಂದು ಅಡ್ಡಪಟ್ಟಿ. ಡಬ್ಬಿ ಇಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲವೆಂದು ನಾನೂ ಒಪ್ಪುತ್ತೇನೆ. ಆದರೂ ಡಬ್ಬಿ ನನ್ನ ತಲೆಯ ಮೇಲೇ ಬಿದ್ದಂತೆ ಚೀರಿದೆ.

“ತುದಿ ಸುಟ್ಟ ಕೋಲಿಗೆ ಇಷ್ಟ್ಯಾಕ ಬಡಕೋತೀರಿ?” ಎಂದು ಅದನ್ನು ನನ್ನ ಕೈಗೆ ಕೊಟ್ಟು ಹೋದಳು.

ನಿಜ, ಅದರ ತುದಿ ನಾಲ್ಕು ಬೆರಳಿನಷ್ಟು ಸುಟ್ಟಿದೆ. ಮೂಗಿನ ಹತ್ತಿರ ಹಿಡಿದೆ. ಇಪ್ಪತ್ತು ವರ್ಷದ ಮೇಲಾಯಿತು, ಆದರೂ ಬಿದಿರಿನ ಹೊಗೆಯ ವಾಸನೆ ಬಂತು. ಬರಲು ಸಾಧ್ಯವಿಲ್ಲ, ಬೆಲ್ಲದ್ದೇ ಇದ್ದೀತು. ಮನೆ ಮಾಲಕರ ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮೂರು ದಿನದಿಂದ ತಿರುಗುತ್ತಿರುವವನ ಮೂಗನ್ನು ಯಾರು ನಂಬುತ್ತಾರೆ? ಅವರ ಮಗಳು ಅಳಿಯ ಬರುತ್ತಾರಂತೆ, ಎರಡು ತಿಂಗಳಲ್ಲಿ ನಾವು ಮನೆ ಬಿಡಬೇಕಂತೆ. ಹೆಂಡತಿಗೆ ಹೇಳಿರಲಿಲ್ಲ. ನಾನು ನಾಳೆಯ ಮಳೆಗೆ ಇವತ್ತೇ ನೆಗಡಿ ಮಾಡಿಕೊಳ್ಳುವ ಪೈಕಿ. ಒಂದೇ ಮನೆಯಲ್ಲಿ ಇಬ್ಬರಿಗೆ ನೆಗಡಿ ಯಾಕೆಂದು ಸುಮ್ಮನಿದ್ದೆ.

ಹಾಗೆ ನೋಡಿದರೆ ಮನೆ ಬಿಡುವುದು ನನಗೇನೂ ಹೊಸದಲ್ಲ. ಒಮ್ಮೆಯಂತೂ ಮನೆಯೇ ನನ್ನನ್ನು ಬಿಟ್ಟು ಹೋಗಿತ್ತು.

ಗೋವಾ ನಮ್ಮ ದೇಶಕ್ಕೆ ಸೇರಿದ ಮರುವರ್ಷದ ಮಾತು. ಹುಬ್ಬಳ್ಳಿಯಲ್ಲಿ ನಕ್ಷೆ ಬರೆಯುವುದನ್ನು ಕಲಿತ ನಾನು ದಾಂಡೇಲಿಯಲ್ಲಿ ಕಾರ್ಮಿಕರ ಮನೆ ಕಟ್ಟಿಸುತ್ತಿದ್ದ ಗುತ್ತಿಗೆದಾರನೊಬ್ಬನ ಕೈಕೆಳಗೆ ಇದ್ದೆ. ಆಗಿನ ದಾಂಡೇಲಿ ಎಂದರೆ ಬಿದಿರು ಹೇರಿದ ಲಾರಿಗಳು, ಧಾರವಾಡ ಬೆಳಗಾವಿ ಕಡೆಯಿಂದ ಗಂಟುಮೂಟೆ ಹೊತ್ತು ಬಂದ ಸಂಸಾರಗಳು, ಮತ್ತೆ ಊರಿಗೆ ಊರೇ ಹೊದ್ದುಕೊಂಡಿದ್ದ ಕಾಗದದ ಕಾರ್ಖಾನೆಯ ವಾಸನೆ. ಮೊದಲ ವಾರ ಮೂಗು ಮುಚ್ಚಿಕೊಳ್ಳುತ್ತೀರಿ. ಎರಡನೆಯ ವಾರ ಅದು ಬರದಿದ್ದರೆ ಏನಾಯಿತೋ ಎಂದು ಗಾಬರಿಯಾಗುತ್ತೀರಿ. ಅತ್ತ ಮುಂಡಗೋಡದ ಹತ್ತಿರ ಇಂದೂರಿನಲ್ಲಿ ನನ್ನಪ್ಪ ಗದ್ದೆಯ ಬದುವಿನ ಮೇಲೆ ನಿಂತು ಹೋಗಿಬರುವವರಿಗೆಲ್ಲ, “ನಮ್ಮ ಹುಡುಗ ದಾಂಡೇಲಿ ಕಟ್ಟಾಕ ಹತ್ಯಾನ” ಎನ್ನುತ್ತಿದ್ದನಂತೆ. ನಾನು ಕಟ್ಟುತ್ತಿದ್ದುದು ಎದುರುಬದುರಾದ ಎರಡು ಸಾಲು ಮನೆ. ಅದೂ ಕಾಗದದ ಮೇಲೆ.

ಆ ಎರಡು ಸಾಲಿನಲ್ಲೂ ನಾನು ನಿಜವಾಗಿ ಬರೆದದ್ದು ಒಂದನ್ನೇ. ನಮ್ಮ ಕಸುಬಿನಲ್ಲೊಂದು ಸುಲಭೋಪಾಯ ಇದೆ. ಆಚೆ ಕಡೆ ಕಾಣುವಂಥ ತೆಳು ಕಾಗದದ ಮೇಲೆ ಒಂದು ಸಾಲು ಬರೆದು ಕಾಗದವನ್ನು ಮಗುಚಿ ಹಾಕಿದರೆ ಎದುರಿನ ಸಾಲು ತಾನಾಗಿ ಸಿದ್ಧ. ಹಂಚಿನ ಮೇಲೆ ರೊಟ್ಟಿ ತಿರುವಿದಷ್ಟೇ ಕೆಲಸ. ಅಕ್ಷರಗಳು ಮಾತ್ರ ತಿರುಗುಮುರುಗಾಗುತ್ತವೆ. ಅವನ್ನು ಅಳಿಸಿ ಸರಿಯಾಗಿ ಬರೆದೆ. ಅಕ್ಷರದ ಜೊತೆಗೆ ಒಲೆಯೂ ತಿರುಗಿದ್ದು ಗಮನಕ್ಕೆ ಬರಲಿಲ್ಲ. ಮೊದಲ ಸಾಲಿನಲ್ಲಿ ಅಡುಗೆ ಮಾಡುವಾಕೆ ಬಡಗಣಕ್ಕೆ ಮುಖ ಮಾಡಿ ಕೂಡುತ್ತಿದ್ದಳು. ಎರಡನೆಯ ಸಾಲಿನಲ್ಲಿ ತೆಂಕಣಕ್ಕೆ ಕೂಡಬೇಕಾಯಿತು. ತೆಂಕಣಕ್ಕೆ ಮುಖ ಮಾಡಿ ಒಲೆ ಹೊತ್ತಿಸುವ ಹೆಂಗಸನ್ನು ನೀವು ನಮ್ಮ ಸೀಮೆಯಲ್ಲಿ ಎಲ್ಲಾದರೂ ನೋಡಿದ್ದರೆ ನನಗೂ ತಿಳಿಸಿ. ನಕ್ಷೆಗೆ ಸಹಿ ಹಾಕಿದ ದೊಡ್ಡವರು ಯಾರೂ ಜನ್ಮದಲ್ಲಿ ಒಲೆ ಹೊತ್ತಿಸಿದವರಲ್ಲ. ನಾನೂ ಅಲ್ಲ. ಮನೆಗಳು ಎದ್ದು ನಿಂತವು, ಜನ ಬಂದು ಸೇರಿಕೊಂಡರು.

ಅದಾಗಿ ಕೆಲವು ತಿಂಗಳಿಗೆ, ಒಂದು ಸೋಮವಾರ ಬೆಳಿಗ್ಗೆ, ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕೂತಿದ್ದಾಗ ಕನ್ನಡಿಯಲ್ಲಿ ಆಕಾಶ ಕಾಣಿಸಿತು. ತಲೆಯೆತ್ತಿದರೆ ಗುತ್ತಿಗೆದಾರನ ಆಳುಗಳು ನನ್ನ ಖೋಲಿಯ ತಗಡು ಬಿಚ್ಚುತ್ತಿದ್ದಾರೆ. ಕೆಲಸ ನಿಂತಿತಂತೆ, ಅವನು ಹಿಂದಿನ ದಿನವೇ ಊರು ಬಿಟ್ಟನಂತೆ. ಯಾಕೆ, ಯಾರ ಜೊತೆ ಜಗಳ, ನನಗೆ ಇವತ್ತಿಗೂ ಗೊತ್ತಿಲ್ಲ.

“ಸಾಹೇಬ್ರ, ಜರಾ ಆಕಡೆ ಸರೀರಿ, ಮೊಳಿ ಬೀಳತಾವು,” ಎಂದ ತಗಡಿನವನು, ಬಹಳ ಮರ್ಯಾದೆಯಿಂದ.

ಅರ್ಧ ಗಡ್ಡ ಬೋಳಿಸುವುದರೊಳಗೆ ನೌಕರಿ ಹೋಗಿತ್ತು. ಉಳಿದರ್ಧ ಮುಗಿಯುವುದರೊಳಗೆ ಮನೆ ಲಾರಿ ಹತ್ತಿತ್ತು.

ಟ್ರಂಕು ಮತ್ತು ಟೀ-ಸ್ಕ್ವೇರ್ ಹಿಡಿದು ಹಳಿಯಾಳಕ್ಕೆ ಹೋದೆ. ಅಲ್ಲಿ ಹೊಸ ಮನೆ ಕಟ್ಟಿಸಲಿದ್ದ ವ್ಯಾಪಾರಿಯೊಬ್ಬ, “ಮನಿ ಕಟ್ಟಾಕ ನಕ್ಷಾ ಯಾಕ್ರಿ? ನಮ್ಮಪ್ಪ ಕೋಲಿಲೆ ನೆಲದ ಮ್ಯಾಲ ಗೆರಿ ಹೊಡದು ಕಟ್ಟಿಸ್ಯಾನ, ಇನ್ನೂ ಬಿದ್ದಿಲ್ಲ” ಎಂದ. ಜೋಯಿಡಾ ದಾಟಿ ಅಣಶಿಯ ದಾರಿಯಲ್ಲಿ ರಸ್ತೆ ಕೆಲಸ ನಡೆದಿದೆಯೆಂದು ಕೇಳಿ ಲಾರಿ ಹತ್ತಿದೆ. ಅಲ್ಲಿ ಬೇಕಾಗಿದ್ದುದು ಗುದ್ದಲಿ ಹಿಡಿಯುವ ಕೈ. ಮೇಸ್ತ್ರಿ ನನ್ನ ಅಂಗೈ ಒತ್ತಿ ನೋಡಿ ಕೊಂಕಣಿಯಲ್ಲಿ ಏನೋ ಅಂದ, ಸುತ್ತಲಿದ್ದವರೆಲ್ಲ ನಕ್ಕರು. ತಿಳಿಯದಿದ್ದರೂ ನಾನೂ ನಕ್ಕೆ. ಇಂದೂರಿಗೆ ಹೋಗಬಹುದಿತ್ತು. ಆದರೆ ದಾಂಡೇಲಿ ಕಟ್ಟುತ್ತಿರುವ ಮಗ ಟ್ರಂಕು ಹೊತ್ತು ಬದುವಿನ ಮೇಲೆ ಬಂದರೆ ಅಪ್ಪ ಯಾವ ಕಡೆ ನೋಡಬೇಕು?

ಐದನೆಯ ದಿನ ದಾಂಡೇಲಿಯ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಯಾವ ಬಸ್ಸಿಗೂ ಕಾಯುತ್ತಿರಲಿಲ್ಲ. ನೋಡುವವರು ಏನೆಂದಾರೋ ಎಂದು ಪ್ರತಿ ಬಸ್ಸಿಗೂ ಎದ್ದು ನಿಂತು ಮತ್ತೆ ಕೂಡುತ್ತಿದ್ದೆ. ಅಲ್ಲಿಗೆ ಬಸಪ್ಪ ಬಂದ. ಧಾರವಾಡ ಕಡೆಯವನು, ಕಾರ್ಖಾನೆಯಲ್ಲಿ ಫಿಟ್ಟರ್, ನಮ್ಮ ಎರಡನೆಯ ಸಾಲಿನ ಮನೆಯವನು. ಕೀಲಿ ಕೊಡುವ ದಿನ ನನ್ನನ್ನು ನೋಡಿದ್ದ.

“ಮೂರು ಬಸ್ ಬಿಟ್ರಿ. ನಿಮ್ಮ ಊರಿಗೆ ವಿಮಾನ ಬರತೈತೇನ್ರಿ?” ಎಂದ.

ಎಲ್ಲ ಹೇಳಿದೆ. ಅವನು ಟ್ರಂಕು ಎತ್ತಿಕೊಂಡ. “ನಮ್ಮನ್ಯಾಗ ಒಂದು ಖೋಲಿ ಖಾಲಿ ಐತಿ, ನಡೀರಿ. ಆದ್ರ ಒಂದ ಮಾತು. ಆ ನಕ್ಷಾ ಬರದವರು ನೀವ ಅಂತ ನಮ್ಮಾಕಿ ಮುಂದ ಬಾಯಿ ಬಿಡಬ್ಯಾಡ್ರಿ. ಸಾಲಿ ಮಾಸ್ತರು, ನೌಕರಿ ಆರ್ಡರಿಗೆ ಕಾಯಾಕ ಹತ್ಯಾರ ಅಂತ ಹೇಳ್ತೇನಿ.”

“ಯಾಕ್ರಿ?”

“ಬರ್ರಿ, ಗೊತ್ತಾಗತೈತಿ.”

ನಾನೇ ಬರೆದ ಮನೆ. ಮುಂದೆ ಪಡಸಾಲೆ, ನಡುವೆ ಒಂದು ಖೋಲಿ, ಹಿಂದೆ ಅಡುಗೆಮನೆ. ಖಾಲಿ ಖೋಲಿ ಎಲ್ಲಿಂದ ಬಂತೆಂದು ಯೋಚಿಸುತ್ತ ಹೋದೆ. ಪಡಸಾಲೆಯಲ್ಲಿ ಕಾಲಿಟ್ಟರೆ ಎದುರಿಗೇ ಮೂರು ಕಲ್ಲಿನ ಒಲೆ, ಮನೆ ತುಂಬ ಹೊಗೆ. ಬಸಪ್ಪನ ಹೆಂಡತಿ ಗಂಗವ್ವ ಮೂಡಣಕ್ಕೆ ಮುಖ ಮಾಡಿ ಟಪಟಪ ರೊಟ್ಟಿ ಬಡಿಯುತ್ತಿದ್ದಳು. ಒಲೆಯಲ್ಲಿ ಬಿದಿರಿನ ಗಿಣ್ಣು ಢಬ್ಬೆಂದು ಸಿಡಿಯುತ್ತಿತ್ತು. ಮೂಲೆಯಲ್ಲಿ ಬಸಪ್ಪನ ತಾಯಿ, ಎಲ್ಲರೂ ಆಯಿ ಎನ್ನುತ್ತಿದ್ದ ಮುದುಕಿ, ಸೆರಗು ಬಾಯಿಗೆ ಹಿಡಿದು ಕೆಮ್ಮುತ್ತಿದ್ದಳು. ನಾನು ಅಷ್ಟು ಅಕ್ಕರೆಯಿಂದ ಹೊಗೆಗೂಡು ಇಟ್ಟು ಬರೆದಿದ್ದ ಅಡುಗೆಮನೆಯಲ್ಲಿ ಕಟ್ಟಿಗೆ ಒಟ್ಟಿದ್ದರು. ಖಾಲಿ ಖೋಲಿ ಅದೇ.

“ಬರ್ರಿ ಮಾಸ್ತರ್ರ,” ಎಂದಳು ಗಂಗವ್ವ. “ಅಡಗಿಮನ್ಯಾಗ ಮಲಗಸ್ತಾರ ಅಂತ ತಪ್ಪ ತಿಳ್ಕೋಬ್ಯಾಡ್ರಿ. ಯಾವನೋ ಮೂಳ ನಕ್ಷಾ ಬರದಾನ. ತೆಂಕಣಕ್ಕ ಮುಖಾ ಮಾಡಿ ನಾ ಯಾರಿಗೆ ಅಡಗಿ ಮಾಡ್ಲಿ, ಸತ್ತವರಿಗೇನು? ಅಂವ ಒಮ್ಮೆ ನನ್ನ ಕೈಯಾಗ ಸಿಗ್ಲಿ, ಅವನ ಹೆಂಡ್ತೀನ್ನ ತಂದು ಆ ಒಲಿ ಮುಂದ ಕೂಡಸ್ತೇನಿ.”

“ಅವರಿಗೆ ಇನ್ನೂ ಮದಿವಿ ಆಗಿರಲಿಕ್ಕಿಲ್ರಿ,” ಎಂದೆ ಮೆಲ್ಲಗೆ.

“ಇಂಥವರಿಗೆ ಯಾರ ಕೊಡತಾರ್ರಿ?”

ಬಸಪ್ಪನಿಗೆ ಹೊಗೆ ಹತ್ತಿ ಕೆಮ್ಮು ಬಂತು. ಅವನು ಅಂಗಳಕ್ಕೆ ಹೋಗಿ ಬಹಳ ಹೊತ್ತು ಕೆಮ್ಮಿದ.

ಆ ಸಾಲಿನ ಹದಿನೆಂಟೂ ಮನೆಗಳಲ್ಲಿ ಇದೇ ಕಥೆ. ಒಲೆ ಪಡಸಾಲೆಗೆ ಬಂದಿತ್ತು, ಅಡುಗೆಮನೆಯಲ್ಲಿ ಕಟ್ಟಿಗೆಯೋ ಆಡೋ ಇತ್ತು. ನಮ್ಮದರಲ್ಲಿ ನಾನಿದ್ದೆ. ಜಗತ್ತಿನಲ್ಲಿ ತನ್ನ ತಪ್ಪಿನೊಳಗೇ ಹಾಸಿಗೆ ಹಾಸಿಕೊಂಡು ಮಲಗಿದ ನಕ್ಷೆಗಾರ ಬೇರೆ ಯಾರಾದರೂ ಇದ್ದಾನೋ ಇಲ್ಲವೋ. ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ ಉಂಡು, ಆರ್ಡರು ಬಂತೇನೋ ವಿಚಾರಿಸಿ ಬರುತ್ತೇನೆಂದು ಹೇಳಿ, ಕೆಲಸ ಹುಡುಕಿ ಸೋತು, ಕಾಳಿ ಹೊಳೆಯ ದಂಡೆಯಲ್ಲಿ ಕೂತು ಬರುತ್ತಿದ್ದೆ. ಸಂಜೆ ಆಯಿಗೆ ಪಂಚಾಂಗ ಓದಿ ಹೇಳಬೇಕು. ಮಾಸ್ತರನಾದ ಮೇಲೆ ಅಷ್ಟೂ ಬಾರದಿದ್ದರೆ ಹೇಗೆ?

ಮೂರನೆಯ ದಿನ ಗೋಡೆ ನೋಡುತ್ತ ಕೂತಾಗ ಒಂದು ವಿಷಯ ಹೊಳೆಯಿತು. ಹೊಗೆಗೂಡು ಇದ್ದದ್ದು ತೆಂಕಣ ಗೋಡೆಯೂ ಮೂಡಣ ಗೋಡೆಯೂ ಕೂಡುವ ಮೂಲೆಯಲ್ಲಿ. ಅದರ ಪಕ್ಕೆಯಲ್ಲಿ ನಾಲ್ಕೇ ನಾಲ್ಕು ಇಟ್ಟಿಗೆ ಕಿತ್ತು, ಹಳೆಯ ಬಾಯಿ ಮುಚ್ಚಿ, ಒಲೆಯನ್ನು ಮೂಡಣ ಗೋಡೆಗೆ ಹಾಕಿದರೆ ಆಯಿತು. ಗಂಗವ್ವ ಮೂಡಣಕ್ಕೆ ಮುಖ ಮಾಡಿ ಕೂಡಬಹುದು, ಹೊಗೆ ಅದೇ ಗೂಡಿನಿಂದ ಮೇಲೆ ಹೋಗುತ್ತದೆ. ಅರ್ಧ ದಿನದ ಕೆಲಸ. ಅಲ್ಲಿ ಒಳಗೆ ಟೊಳ್ಳಿದೆಯೆಂದು ಹೊರಗಿನಿಂದ ಯಾರಿಗೂ ತಿಳಿಯದು. ನನಗೆ ತಿಳಿದಿತ್ತು, ಬರೆದವನು ನಾನು.

ಸಂತೋಷದಿಂದ ಎದ್ದು ನಿಂತೆ. ನಿಂತವನು ಮತ್ತೆ ಕೂತೆ. ಅಡುಗೆಮನೆ ಅಡುಗೆಮನೆಯಾದರೆ ಮಾಸ್ತರ ಎಲ್ಲಿ ಮಲಗಬೇಕು?

ನೀವಾಗಿದ್ದರೆ ಆ ಗಳಿಗೆಯೇ ಹೇಳಿಬಿಡುತ್ತಿದ್ದಿರಿ, ಗೊತ್ತು. ನಿಮಗೆ ಮನೆ ಇದೆ. ನಾನು ದಿನದಿನವೂ ಆ ನಾಲ್ಕು ಇಟ್ಟಿಗೆಗಳನ್ನು ನೋಡುತ್ತ ಕೂತೆ. ಆಯಿಯ ಕೆಮ್ಮು ಥಂಡಿಯಿಂದ ಬಂದದ್ದೆಂದು ನನಗೆ ನಾನೇ ಹೇಳಿಕೊಂಡೆ. ಮುದುಕರೆಂದ ಮೇಲೆ ಕೆಮ್ಮದೆ ಇರುತ್ತಾರೆಯೇ ಎಂದುಕೊಂಡೆ. ನಾಳೆ ನೌಕರಿ ಸಿಕ್ಕರೆ ಹೇಳಿಯೇ ಹೋಗುತ್ತೇನೆ ಎಂದುಕೊಂಡೆ. ನಾಳೆ ಎಂಬುದು ನನ್ನಂಥವರ ಅನುಕೂಲಕ್ಕಾಗಿಯೇ ಹುಟ್ಟಿದ ದಿನ.

ಹೀಗೆ ಎಂಟು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಗಂಗವ್ವ ಆಯಿಯ ಸೀರೆಗಳನ್ನು ಗಂಟು ಕಟ್ಟುತ್ತಿದ್ದಾಳೆ. ಅಳ್ನಾವರದ ಮಗಳ ಮನೆಗೆ ಕಳಿಸುವುದಂತೆ.

“ಹೊಗಿ ಇಲ್ಲದ ಕಡೆ ಎರಡ ತಿಂಗಳ ಇದ್ದ ಬರ್ರಿ ಅತ್ತಿ. ಇಲ್ಲಿದ್ರ ಜೀವಾ ಹೋಗತೈತಿ,” ಎಂದಳು ಗಂಗವ್ವ.

“ಹೋದ್ರ ಇಲ್ಲೇ ಹೋಗ್ಲಿ. ಅಳಿಯನ ಮನ್ಯಾಗ ಹಂಗಿನ ರೊಟ್ಟಿ ತಿಂತ ಎಷ್ಟ ದಿನಾ ಕೂಡ್ಲಿ? ಈ ವಯಸ್ನ್ಯಾಗ ನನ್ನ ಮನಿ ಬಿಡಸಬ್ಯಾಡವಾ,” ಎಂದ ಆಯಿ ನನ್ನ ಕಡೆ ತಿರುಗಿದಳು. “ಮಾಸ್ತರ, ಓದಿದಾಂವ ನೀನರೆ ಹೇಳಪಾ ಇಕಿಗೆ.”

ನಾನು ಮಲಗಿದ ಖೋಲಿಯ ಬಾಡಿಗೆಯನ್ನು ಇಷ್ಟು ದಿನ ಆಯಿ ಕೆಮ್ಮಿ ತೀರಿಸುತ್ತಿದ್ದಳು.

“ಅಕ್ಕಾರ, ಗಂಟ ಬಿಚ್ರಿ,” ಎಂದೆ. “ಸುತ್ತಿಗಿ, ಉಳಿ ಎಲ್ಲಿ ಅದಾವು?”

ಟೀ-ಸ್ಕ್ವೇರ್ ಹಿಡಿದು ಇದ್ದಲಿನಿಂದ ಗುರುತು ಹಾಕಿದೆ. ನಾಲ್ಕು ಇಟ್ಟಿಗೆ ಕಿತ್ತೆ. ನನ್ನ ಕೈಗುಣಕ್ಕೆ ಐದನೆಯದೂ ಬಂತು. ಹಳೆಯ ಬಾಯಿ ಮುಚ್ಚಿದೆ. ಗಂಗವ್ವ ಮಣ್ಣು ಕಲಸಿ ಹೊಸ ಒಲೆ ಹಾಕಿ ಮೆತ್ತಿದಳು. ಮಧ್ಯಾಹ್ನ ದಾಟಿದ ಮೇಲೆ ಮೂಡಣಕ್ಕೆ ಕೂತು ಬೆಂಕಿ ಹಚ್ಚಿದಳು. ಹೊಗೆ ಒಂದು ಗಳಿಗೆ ಒಲೆಯ ಬಾಯಲ್ಲೇ ತಡವರಿಸಿತು, ನನ್ನ ಜೀವದ ಹಾಗೆ. ಆಮೇಲೆ ಸುಮ್ಮನೆ ಮೇಲೆ ಹೋಯಿತು. ಗೂಡಿನಲ್ಲಿದ್ದ ಪಾರಿವಾಳಗಳು ಬೈದುಕೊಂಡು ಹಾರಿದವು. ಗಂಗವ್ವ ಕೈಗೆ ಸಿಕ್ಕ ಕೋಲಿನಿಂದ ಕೆಂಡ ಕೆದಕಿದಳು. ಕೈಗೆ ಸಿಕ್ಕ ಕೋಲು ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. ನಾನು ಚೀರಿದೆ.

ಅವಳು ಅದನ್ನು ಹೊರಗೆಳೆದು, ಹೊಗೆಯಾಡುವ ತುದಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಯಾವ ಸಾಲ್ಯಾಗ ಮಾಸ್ತರು ಇಂಥಾ ಕೋಲ ಹಿಡೀತಾರ್ರಿ? ಬಂದ ಮರುದಿನಾನ ತಿಳೀತು ನನಗ. ತಾವಾಗೇ ಎಂದ ಬಾಯಿ ಬಿಡ್ತಾರ ನೋಡೂಣು ಅಂತ ಸುಮ್ಮನಿದ್ದೆ.”

ನಾನು ಒಳಗೆ ಹೋಗಿ ಟ್ರಂಕು ಹೊರತಂದೆ.

“ಇದೆಲ್ಲಿಗೆ?”

“ಖೋಲಿ ಖಾಲಿ ಮಾಡಬೇಕಲ್ರಿ. ನಿಮ್ಮ ಅಡಗಿಮನಿ ನಿಮಗ ಬಂತು.”

ಗಂಗವ್ವ ಆಯಿಯ ಮುಖ ನೋಡಿದಳು. ಇಬ್ಬರೂ ನಗಲು ಶುರು ಮಾಡಿದರು. ಆಯಿಗೆ ನಕ್ಕು ನಕ್ಕು ಮತ್ತೆ ಕೆಮ್ಮು ಬಂತು. “ಒಲಿ ಒಳಗ ಬಂದ ಮ್ಯಾಲ ಪಡಸಾಲಿ ಖಾಲಿ ಆತಲ್ಲೋ ಹುಚ್ಚಪ್ಪಾ,” ಎಂದಳು. “ಅಲ್ಲಿ ಹಾಸ್ಕೋ. ಜಾಗಾ ಎಲ್ಲಿ ಓಡಿ ಹೋಗತೈತಿ?”

ಪಡಸಾಲೆ ಹನ್ನೆರಡು ಅಡಿಗೆ ಹತ್ತು ಅಡಿ. ಅಳತೆ ಹಾಕಿದವನು ನಾನೇ. ಇಡೀ ಮನೆಯ ನಕ್ಷೆ ತಲೆಯಲ್ಲಿದ್ದವನಿಗೆ ಎಂಟು ದಿನ ಆ ಲೆಕ್ಕ ಹೊಳೆದಿರಲಿಲ್ಲ. ಹೆದರಿದವನು ಒಂದೇ ಗೋಡೆ ನೋಡುತ್ತ ಕೂತಿರುತ್ತಾನೆ ಅಂತ ಕಾಣುತ್ತದೆ.

ಆಯಿ ಅಳ್ನಾವರಕ್ಕೆ ಹೋಗಲಿಲ್ಲ. ಉಳಿದ ಹದಿನೇಳು ಮನೆಯ ಹೆಂಗಸರು ಬಂದರು. ಹಿಂದಿನ ಬೈಗುಳಗಳನ್ನೆಲ್ಲ ಒಮ್ಮೆ ನನ್ನೆದುರಿಗೇ ಹೇಳಿ ಮುಗಿಸಿ, ತಮ್ಮ ಒಲೆಯನ್ನೂ ತಿರುಗಿಸಿ ಕೊಡಬೇಕೆಂದರು. ತಿರುಗಿಸಿದೆ. ಒಂದೊಂದು ಮನೆಯಲ್ಲಿ ಒಂದೊಂದು ಊಟ, ಊರ ತುಂಬ “ಒಲಿ ಮಾಸ್ತರ” ಎಂಬ ಹೆಸರು. ಆ ಹೆಸರು ಹಳಿಯಾಳಕ್ಕೂ ಮುಟ್ಟಿ, ನಕ್ಷೆ ಬೇಡವೆಂದಿದ್ದ ವ್ಯಾಪಾರಿ ಹೇಳಿ ಕಳಿಸಿದ: “ಗೆರಿ ನಾನ ಹೊಡೀತೇನಿ, ಒಲಿ ಎಲ್ಲಿ ಬರತೈತಿ ನೀವು ಹೇಳ್ರಿ.” ಆಮೇಲೆ ಧಾರವಾಡದಲ್ಲಿ ಸರಕಾರಿ ನೌಕರಿ ಸಿಕ್ಕಿತು. ಅಪ್ಪ ಬದುವಿನ ಮೇಲೆ ನಿಂತು, “ದಾಂಡೇಲಿ ಕಟ್ಟಿ ಮುಗಿಸಿದಾ, ಈಗ ಧಾರವಾಡ ಹಿಡದಾನ” ಎಂದನಂತೆ.

ಟೀ-ಸ್ಕ್ವೇರ್ ಹಿಡಿದು ಇಷ್ಟೆಲ್ಲ ನೆನೆಯುವುದರೊಳಗೆ ಚಹಾ ಆರಿಹೋಗಿತ್ತು. ಎದ್ದು ಅಡುಗೆಮನೆಗೆ ಹೋಗಿ ಕಿಸೆಯಿಂದ ಚೀಟಿ ತೆಗೆದು ಹೆಂಡತಿಯ ಮುಂದೆ ಇಟ್ಟೆ. ಅವಳು ಅದನ್ನು ಬಿಚ್ಚಲೂ ಇಲ್ಲ.

“ಮಾಲಕರ ಹೆಂಡ್ತಿ ಮಂಗಳವಾರನ ಹೇಳ್ಯಾಳ,” ಎಂದಳು. “ನೀವು ಎಂದ ಹೇಳ್ತೀರಿ ಅಂತ ನೋಡ್ತಿದ್ದೆ. ಎರಡ ಮನಿ ನೋಡಿ ಬಂದೇನಿ. ಒಂದರಾಗ ನೀರು ಛಲೋ ಬರತಾವು, ಆದ್ರ ಅಡಗಿ ಕಟ್ಟಿ ತೆಂಕಣಕ್ಕ ಐತಿ. ಅದನ್ನೇನರೆ ಮಾಡಾಕ ಬರತೈತೇನು, ಬಂದು ನೋಡ್ರಿ.”

ಆಗ ಸುತ್ತ ನೋಡಿದೆ. ಬೆಲ್ಲದ ಡಬ್ಬಿಯೊಂದೇ ಅಲ್ಲ. ಮೇಲಿನ ಹಲಗೆಯ ಡಬ್ಬಿಗಳೆಲ್ಲ ಇಳಿದು ನೆಲದ ಮೇಲೆ ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಅರ್ಧ ತುಂಬಿದ ಗೋಣಿಚೀಲ.

“ಮತ್ತ ಡಬ್ಬಿ ಯಾಕ ಇಳಸಾಕ ಹತ್ತೇನಿ ಅಂತ ಮಾಡಿದ್ರಿ?” ಎಂದಳು.

ಹಲಗೆಯ ತುದಿಯಲ್ಲಿ ಉಪ್ಪಿನಕಾಯಿಯ ಭರಣಿಯೊಂದು ಉಳಿದಿತ್ತು. ನಾನೇ ಟೀ-ಸ್ಕ್ವೇರ್ ಚಾಚಿ ಅದನ್ನು ಮೆಲ್ಲಗೆ ಅಂಚಿಗೆ ಎಳೆದೆ, ಅವಳು ಕೆಳಗೆ ಕೈ ಒಡ್ಡಿ ನಿಂತಳು.