ಚಾಮಯ್ಯನ ಗಂಟು

"ಚಾಮಯ್ಯ ಮೇಲಿಂದ ಕೆಳೀಕೆ ನೋಡಿದ್ರೆ ಎದರ್ಕೋಬ್ಯಾಡಿ ಕಣ್ರಪ್ಪ, ಅಳತೆ ತಗತಾವ್ನೆ ಅಷ್ಟೆಯ."

ಹುಣಸೂರಿನ ಹೊಳೆ ಕಡೆಯ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ನೆರೆಯವರು ಮೊದಲು ನಲ್ಲಿಯಲ್ಲಿ ನೀರು ಬರುವ ಹೊತ್ತು ಹೇಳುತ್ತಿದ್ದರು. ಎರಡನೆಯ ಮಾತು ಇದು. ಆ ಬೀದಿಯಲ್ಲಿ ಯಾರೇ ತೀರಿಕೊಳ್ಳಲಿ, ಚಟ್ಟ ಕಟ್ಟುವವನು ಚಾಮಯ್ಯ. ನಲವತ್ತು ವರ್ಷ ಅದೇ ಕೆಲಸ. ಕೂಲಿ ಮುಟ್ಟಿದವನಲ್ಲ, ಕರೆಯಲಿ ಅಂತ ಕಾದವನೂ ಅಲ್ಲ. ಮಲಗಿಸಿ ಒಯ್ಯುವ ಮನೆಗೆ ಚಟ್ಟ, ಕೂರಿಸಿ ಒಯ್ಯುವ ಮನೆಗೆ ವಿಮಾನ, ನಡುನಡುವೆ ಯಾರದೋ ಮದುವೆಗೆ ಚಪ್ಪರ. ಬಿದಿರು ಅದೇ, ಕೈಯೂ ಅದೇ.

ಆದರೂ ಜನಕ್ಕೆ ಒಳಗೊಳಗೇ ಅಳುಕು. ರಿಟೈರಾದ ಮೇಷ್ಟ್ರು ವೀರಭದ್ರಸ್ವಾಮಿ ಒಮ್ಮೆ ಜ್ವರ ಬಂದು ಮಲಗಿದ್ದಾಗ, ಚಾಮಯ್ಯ ಪಾಪ, ಎಳನೀರು ಕೆತ್ತಿಸಿಕೊಂಡು ನೋಡಲು ಹೋದ. ಮೇಷ್ಟ್ರು ಕಂಬಳಿಯೊಳಗಿಂದಲೇ ಕೂಗಿದರು: "ನಾನಿನ್ನೂ ಇದೀನಿ ಕಣಯ್ಯ! ಎಳನೀರು ಅಲ್ಲೇ ಇಟ್ಟು ಹೊರಡು!"

ಇಷ್ಟೆಲ್ಲ ಊರ ಉಪಕಾರದ ಭಾರ ಬಿದ್ದದ್ದು ಹೆಂಡತಿ ಸಣ್ಣತಾಯಮ್ಮನ ಮೇಲೆ. ಮಸಾಣದಿಂದ ಬಂದವನು ಮೀಯದೆ ಹೊಸ್ತಿಲು ದಾಟುವಂತಿಲ್ಲವಲ್ಲ, ಹಾಗಾಗಿ ಬೀದಿಯಲ್ಲಿ ಯಾರು ಸತ್ತರೂ ಮೊದಲು ಉರಿ ಬೀಳುತ್ತಿದ್ದದ್ದು ಸಣ್ಣತಾಯಮ್ಮನ ಹಂಡೆಗೆ. ಒಂದು ಯುಗಾದಿಯಂದು ಎಲೆಗೆ ಒಬ್ಬಟ್ಟು ಬಿದ್ದಿತ್ತು, ತುಪ್ಪ ಬೀಳುವುದೊಂದು ಬಾಕಿ. ಮೂಲೆಮನೆಯಿಂದ ಅಳು ಕೇಳಿಸಿತು. ಚಾಮಯ್ಯ ಎದ್ದ.

"ಉಂಡ್ಕಂಡಾದ್ರೂ ಓಗು. ಸತ್ತೋರೇನು ಎದ್ದು ಓಡೋಯ್ತಾರಾ?"

"ಸತ್ತೋರು ಕಾಯ್ತಾರೆ ಕಣೆ. ಇರೋರ್ಗೆ ಕೈಕಾಲು ಆಡಕಿಲ್ಲ" ಎಂದು ಹೊರಟೇಬಿಟ್ಟ. ಆ ಒಬ್ಬಟ್ಟನ್ನು ಎಮ್ಮೆ ತಿಂದಿತು.

ಚಾಮಯ್ಯನ ಕಟ್ಟಿಗೆ ಒಂದು ಹೆಸರಿತ್ತು. ಎರಡು ಉದ್ದದ ಗಳ, ಅಡ್ಡಕ್ಕೆ ಸೀಳಿದ ಬಿದಿರ ದಬ್ಬೆಗಳು, ಅಷ್ಟಕ್ಕೂ ಒಂದೇ ಹಗ್ಗ. ಹೆಗಲ ಮೇಲೆ ಬಂಡೆಯ ಹಾಗೆ ಕೂತಿರುತ್ತಿತ್ತು. ಮಸಾಣದಲ್ಲಿ ಇಳಿಸಿ ಹಗ್ಗದ ತುದಿ ಎಳೆದರೆ ಸರ್ರನೆ ಪೂರಾ ಬಿಚ್ಚಿಕೊಳ್ಳುತ್ತಿತ್ತು. "ಮಕ್ಕಳ ಕಣ್ಮುಂದೆ ಮಚ್ಚು ಇಡ್ಕಂಡು ಅಗ್ಗ ಕುಯ್ಯದು ಚೆಂದಾಗಿರಕಿಲ್ಲ ಕಣ್ಲಾ" ಎನ್ನುತ್ತಿದ್ದ.

ಕಳೆದ ವರ್ಷ ಒಂದು ಮಂಗಳವಾರ ಬೆಳಿಗ್ಗೆ ಚಾಮಯ್ಯ ಕಾಫಿ ಕುಡಿದು, ಲೋಟ ಪಕ್ಕಕ್ಕಿಟ್ಟು, ಗೋಡೆಗೆ ಒರಗಿದ. ಒರಗಿದವನು ಮತ್ತೆ ಏಳಲಿಲ್ಲ. ಎಪ್ಪತ್ತನಾಲ್ಕು ತುಂಬಿತ್ತು.

ಬೀದಿಗೆ ಬೀದಿಯೇ ಬಂದು ನಿಂತಿತು. ಹೂವು ಬಂತು, ತಮಟೆ ಬಂತು, ಬಿದಿರು ಬಂತು, ಹಗ್ಗ ಬಂತು. ಆಮೇಲೆ ಎಲ್ಲರೂ ಆಟೋ ಸಿದ್ದರಾಜುವಿನ ಮುಖ ನೋಡಿದರು. ಹದಿನೈದು ವರ್ಷ ಚಾಮಯ್ಯನ ಬಲಗೈ ಎನ್ನಿಸಿಕೊಂಡವನು ಅವನು. ಸಿದ್ದರಾಜು ಗಳ ಜೋಡಿಸಿದ, ದಬ್ಬೆ ಸೀಳಿದ, ಹಗ್ಗ ಸುತ್ತಿದ, ಒಂದು ಗಂಟು ಬಿಗಿದ. ಯಾವುದಕ್ಕೂ ಇರಲಿ ಅಂತ ಒಂದು ರಾಗಿಮೂಟೆ ಮಲಗಿಸಿ ಎತ್ತಿ ನೋಡಿದರು. ದಬ್ಬೆಗಳು ಜಾರಿ ಮೂಟೆ ದೊಪ್ಪೆಂದು ನೆಲಕ್ಕೆ ಕೂತಿತು. ಎರಡನೆಯ ಸಲವೂ ಕೂತಿತು.

"ಏನ್ಲಾ, ನೀನು ಬಲಗೈ ಅಲ್ವೇನ್ಲಾ?" ಗುಂಪಿನಲ್ಲಿ ಯಾರೋ ಕೇಳಿದರು.

"ಬಲಗೈಗೆ ಇಡ್ಕೋ ಅಂತಿದ್ರು, ಇಡ್ಕತಿದ್ದೆ. ಕಟ್ಟು ಅಂತ ಯಾವತ್ತಂದ್ರು?" ಸಿದ್ದರಾಜುವಿಗೆ ಅಳುವೇ ಬಂತು.

ಗಂಟೆ ಮೂರಾಯಿತು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಶವ ಒಯ್ಯುವ ವ್ಯಾನಿಗೆ ಫೋನ್ ಮಾಡಿ, ಅದರಲ್ಲಿ ಸ್ಟೀಲಿನ ಸ್ಟ್ರೆಚರ್ ಇರುತ್ತದೆ ಅಂತ ಮೇಷ್ಟ್ರು ತೀರ್ಮಾನ ಕೊಟ್ಟರು.

ಒಳಗೆ ಗಂಡನ ತಲೆಯ ಹತ್ತಿರ ಕೂತಿದ್ದ ಸಣ್ಣತಾಯಮ್ಮನಿಗೆ ಇದು ಕೇಳಿಸಿತು. ಬೆಳಗಿನಿಂದ ಅತ್ತು ಅತ್ತು ಗಂಟಲು ಒಣಗಿದ್ದವಳಿಗೆ ಈಗ ಬಂದದ್ದು ಸಿಟ್ಟು. ಊರವರನ್ನೆಲ್ಲ ಹೆಗಲ ಮೇಲೆ ಕಳಿಸಿದವನು ತಾನು ವ್ಯಾನಿನಲ್ಲಿ ಹೋಗುವುದೇ? ಎದ್ದು ಬಾಗಿಲಿಗೆ ಬಂದಳು.

"ಅವ ಎಂಗೆ ಕಟ್ತಿದ್ದ ಅಂತ ಕಂಡಿಲ್ವೇನ್ಲಾ ನೀನು?"

"ಕಂಡಿವ್ನಿ ಕಣವ್ವ. ಈ ಕಡೆ ಒಂದು ಸುತ್ತು, ಆ ಕಡೆ ಒಂದು ಸುತ್ತು, ಮಧ್ಯದಾಗೆ ಕುಣಿಕೆ ಎಳ್ಕಂಡು ಮುಂದಕ್ಕೋಯ್ತಿದ್ರು. ತುದಿ ಎಳುದ್ರೆ ಪೂರಾ ಬಿಚ್ಕಳದು."

ಸಣ್ಣತಾಯಮ್ಮನ ಬೆರಳುಗಳು ಸೆರಗಿನ ತುದಿಯಲ್ಲಿ ತಾವಾಗಿಯೇ ಆಡತೊಡಗಿದವು: ಈ ಕಡೆ, ಆ ಕಡೆ, ಕುಣಿಕೆ. ಹಿಂದಿದ್ದ ಪಕ್ಕದ ಮನೆಯ ಪುಟ್ಟಮಲ್ಲಮ್ಮನ ಬಾಯಿ ತೆರೆದುಕೊಂಡಿತು.

"ಅಕ್ಕೋ, ಇದು ನಮ್ಮ ಸೊಪ್ಪಿನ ಗಂಟು!"

ಸೊಪ್ಪು ಎಂದರೆ ಹೊಗೆಸೊಪ್ಪು. ಈ ಸೀಮೆಯ ಹೆಂಗಸರಿಗೆ ಅದನ್ನು ಕಡ್ಡಿಗೆ ಕಟ್ಟುವುದು ಉಸಿರಾಡಿದಷ್ಟು ಸಲೀಸು. ಬೆಂಕಿಯ ಕಾವಲ್ಲಿ ಸೊಪ್ಪು ಒಣಗಿಸುವ ಮನೆ, ಅಂದರೆ ಬ್ಯಾರನ್ನಿನೊಳಗೆ ತೂಗುಹಾಕಿದಾಗ ಹಸಿ ಸೊಪ್ಪಿನ ಭಾರಕ್ಕೆ ದಾರ ಜಗ್ಗಬಾರದು. ಒಣಗಿ ಈಚೆ ಬಂದ ಮೇಲೆ ತುದಿ ಎಳೆದರೆ ತಡೆಯದೆ ಬಿಚ್ಚಿಕೊಳ್ಳಬೇಕು. ಸಣ್ಣತಾಯಮ್ಮ ಹದಿನೆಂಟರ ಹುಡುಗಿಯಾಗಿ ಸೊಪ್ಪು ಕಟ್ಟುವಾಗ ಚಾಮಯ್ಯ ಅದೇ ಬ್ಯಾರನ್ನಿಗೆ ಬೆಂಕಿ ಹಾಕುವ ಆಳು. ಸೌದೆ ಒಟ್ಟಿ ಬಂದು ಎದುರಿಗೆ ಕೂತು ದಿನವಿಡೀ ನೋಡುತ್ತಿದ್ದ. ಆ ನೋಟಕ್ಕೇ ಅವಳು ಅವನನ್ನು ಒಪ್ಪಿದ್ದು.

ಪುಟ್ಟಮಲ್ಲಮ್ಮ ಕಣ್ಣೊರೆಸಿಕೊಳ್ಳುತ್ತಲೇ ಅಂದಳು: "ಮಖ ನೋಡ್ತಾವ್ನೆ ಅಂತ ನೀನಂದ್ಕಂಡೆ. ಅವ ನಿನ್ನ ಕೈ ನೋಡ್ತಿದ್ದ ಕಣಕ್ಕ!"

"ಕಳ್ಳ ನನ್ಮಗ" ಎಂದಳು ಸಣ್ಣತಾಯಮ್ಮ. ಸಾವಿನ ಮನೆಯ ಬಾಗಿಲಲ್ಲಿ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ನಲವತ್ತು ವರ್ಷದಾಗೆ ಒಂದು ಮಾತು ಏಳ್ಲಿಲ್ವಲ್ಲೇ!"

"ಎಂಗಸರ ಗಂಟು ಅಂದಿದ್ರೆ ಈ ಗಂಡಸ್ರು ಬುಡ್ತಿದ್ರಾ?" ಎಂದಳು ಪುಟ್ಟಮಲ್ಲಮ್ಮ.

ಸಣ್ಣತಾಯಮ್ಮ ಅಂಗಳಕ್ಕಿಳಿದು ಹಗ್ಗ ಎತ್ತಿಕೊಂಡಳು. ಮೇಷ್ಟ್ರು ಕೆಮ್ಮಿದರು. "ಹೆಂಗಸರು ಚಟ್ಟ ಮುಟ್ಟೋದು ಎಲ್ಲಾದರೂ ಉಂಟೇನಮ್ಮ?"

"ನಿಮ್ಮವ್ವಾರ ಇಮಾನ ಕಟ್ಟಿದ್ದೂ ಇದೇ ಗಂಟಲ್ಲೇ ಮೇಷ್ಟ್ರೇ. ಆಗ ಚೆಂದಾಗಿತ್ತು ಅಂತ ಅತ್ತಿದ್ರಿ."

ಮೇಷ್ಟ್ರು ಪಂಚೆ ಎತ್ತಿಕಟ್ಟಿ, ಗಳದ ಒಂದು ತುದಿ ಹಿಡಿದು ಕೂತರು. "ಹೂಂ, ಬಿಗಿಯಮ್ಮ" ಎಂದರು.

ಮುಂದೆ ಪುಟ್ಟಮಲ್ಲಮ್ಮ ದಬ್ಬೆ ಜೋಡಿಸುತ್ತಾ ಹೋದಳು, ಹಿಂದೆಯೇ ಸಣ್ಣತಾಯಮ್ಮ ಕಟ್ಟುತ್ತಾ ಹೋದಳು. ಉಳಿದ ಗಂಡಸರು ಕೈಕಟ್ಟಿ ನಿಂತಿದ್ದರು. ಕಾಲು ಗಂಟೆ ಹಿಡಿಯಲಿಲ್ಲ. ಮೂಟೆ ಇಟ್ಟು ನೋಡೋಣವೇ ಎಂದ ಸಿದ್ದರಾಜುವನ್ನು ಅವಳು ನೋಡಿದ ನೋಟಕ್ಕೆ ಅವನೇ ಮೂಟೆ ಒಳಗಿಟ್ಟು ಬಂದ. ಅಷ್ಟರಲ್ಲಿ ಬಂದಿದ್ದ ವ್ಯಾನನ್ನು ಹಾಗೇ ಹಿಂದಕ್ಕೆ ಕಳಿಸಿದರು.

ಚಾಮಯ್ಯನನ್ನು ಹೊರಗೆ ತಂದು ಮಲಗಿಸಿದರು. ಹಾರ ಹಾಕುವವರ ಸಾಲು ಬೀದಿಯ ತುದಿ ಮುಟ್ಟಿತ್ತು. ಹೆಗಲು ಕೊಡಲು ನೂಕಾಟ. ಹತ್ತು ಹೆಜ್ಜೆಗೊಬ್ಬರು ಬದಲಾಗಬೇಕು ಅಂತ ಅಲ್ಲೇ ಒಪ್ಪಂದವಾಯಿತು. ತಮಟೆ ಶುರುವಾಯಿತು. ನಾಲ್ವರು ಎತ್ತಿದರು, ಚಟ್ಟ ಒಂದು ಕೂದಲೆಳೆ ಓಲದೆ ಮೇಲೆದ್ದು ಅಂಗಳ ದಾಟಿತು.

ಸಣ್ಣತಾಯಮ್ಮ ಗೇಟಿನ ತನಕ ಬಂದಳು. ಅಲ್ಲಿಂದಾಚೆಗೆ ಹೆಂಗಸರು ಹೋಗುವ ಪದ್ಧತಿಯಿಲ್ಲ. ತಮಟೆಯ ಸದ್ದಿನ ಮೇಲೆ ಗಂಟಲು ಹರಿಯುವ ಹಾಗೆ ಕೂಗಿದಳು:

"ಸಿದ್ದರಾಜೂ! ಎಡಗಡೆ ತುದಿ ಎಳೀಲಾ! ಬಲಗಡೇದು ಎಳುದ್ರೆ ಬಿಗಿಯಾಯ್ತದೆ!"

"ಆಯ್ತು ಕಣವ್ವೋ!"

ಗುಂಪು ಹೊಳೆಯ ಕಡೆ ತಿರುಗಿತು. ಅವಳು ಎಡಗೈಯನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದಳು, ಅವನಿಗೆ ಕಾಣಲಿ ಅಂತ.